ಒಂದು ಪ್ರೋಟಾನಿನ ಮುಯ್ಯಿ: ಸಂಯುಗ್ಮ ಆಮ್ಲ–ಪ್ರತ್ಯಾಮ್ಲ ಜೋಡಿಗಳನ್ನು ಬಾಯಿಪಾಠವಿಲ್ಲದೆ ಗುರುತಿಸುವ ಬಗೆ

ಹೋದ ವಾರ ಮಂಡ್ಯದ ನಮ್ಮ ಮನೆಯ ಹಜಾರದಲ್ಲಿ, ಸಂಜೆ ಪಾಠಕ್ಕೆ ಬರುವ ಪ್ರಥಮ ಪಿಯುಸಿಯ ಎಂಟು ಮಕ್ಕಳಿಗೆ ಒಂದೇ ಒಂದು ಪ್ರಶ್ನೆ ಕೊಟ್ಟೆ. ಹೈಡ್ರೋಜನ್ ಫಾಸ್ಫೇಟ್ ಅಯಾನಿನ, ಅಂದರೆ ಎಚ್‌ಪಿಒ₄²⁻ ಎಂಬುದರ, ಸಂಯುಗ್ಮ ಆಮ್ಲ ಯಾವುದು? ಐವರು ಫಾಸ್ಫಾರಿಕ್ ಆಮ್ಲ ಎಂದು ಬರೆದರು. ಇಬ್ಬರು ಎಚ್₂ಪಿಒ₄ ಎಂದು ಬರೆದು ನೆತ್ತಿಯ ಮೇಲಿನ ಋಣ ಚಿಹ್ನೆಯನ್ನು ಮರೆತರು. ಒಬ್ಬಳು ಸರಿಯಾಗಿಯೇ ಬರೆದಿದ್ದಳು. ಪಕ್ಕದವಳ ಹಾಳೆಯತ್ತ ಕಣ್ಣು ಹಾಯಿಸಿ, ತನ್ನ ಉತ್ತರವನ್ನು ಹೊಡೆದುಹಾಕಿ, ಫಾಸ್ಫಾರಿಕ್ ಆಮ್ಲ ಎಂದು ತಿದ್ದಿಕೊಂಡಳು. ಲೆಕ್ಕ ಹಾಕಿದರೆ ಎಂಟಕ್ಕೆ ಸೊನ್ನೆ.

ಇವರು ದಡ್ಡರಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣ ಎಂದು ಚೆನ್ನಾಗಿ ಓದಿ ಬಂದವರು. ಪಿಯುಸಿಗೆ ಕಾಲಿಟ್ಟ ಕೂಡಲೇ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತದೆ. ಸಂಯುಗ್ಮಕ್ಕೆ ‘ಕಾಂಜುಗೇಟ್’ ಎಂಬ ಹೊಸ ಪದ ಬಂದು ಕೂರುತ್ತದೆ, ಅದರ ಹಿಂದೆಯೇ ಹತ್ತು ಸಾಲಿನ ಒಂದು ಕೋಷ್ಟಕ. ಮಕ್ಕಳು ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾರೆ. ಪರೀಕ್ಷೆಯಲ್ಲಿ ಹನ್ನೊಂದನೆಯದು ಬರುತ್ತದೆ. ನನ್ನ ಜಗಳ ಇರುವುದು ಆ ಕೋಷ್ಟಕದ ಜೊತೆ. ಇಲ್ಲಿ ಕಲಿಯಬೇಕಾದ ಕ್ರಿಯೆ ಒಂದೇ ಒಂದು; ಅದನ್ನು ತಪ್ಪಿಲ್ಲದೆ ಮಾಡಲು ಕೆಲವು ಅಭ್ಯಾಸಗಳು ಬೇಕು, ಅಷ್ಟೇ.

ಓದುವ ಮೊದಲು ಒಂದು ಮಾತು. ಸೂತ್ರಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಎಚ್ ಎಂದರೆ ಹೈಡ್ರೋಜನ್, ಒ ಎಂದರೆ ಆಕ್ಸಿಜನ್, ಎನ್ ಎಂದರೆ ನೈಟ್ರೋಜನ್, ಪಿ ಎಂದರೆ ಫಾಸ್ಫರಸ್, ಎಸ್ ಎಂದರೆ ಗಂಧಕ, ಸಿ ಎಂದರೆ ಇಂಗಾಲ. ಪೆನ್ನು, ಹಾಳೆ ಹಿಡಿದು ಕುಳಿತು ನಿಮ್ಮ ಪುಸ್ತಕದಲ್ಲಿ ಎಂದಿನಂತೆ ಬರೆದುಕೊಳ್ಳುತ್ತಾ ಹೋಗಿ. ಸುಮ್ಮನೆ ಕಣ್ಣಾಡಿಸಿದರೆ ಈ ವಿಷಯ ಹತ್ತುವುದಿಲ್ಲ.

ಹೆಜ್ಜೆ 1: ಹಳೆಯ ವ್ಯಾಖ್ಯೆಯನ್ನು ಬದಿಗಿಡಿ

ಪ್ರೌಢಶಾಲೆಯಲ್ಲಿ ಕಲಿತದ್ದು ಸ್ವೀಡನ್ನಿನ ಅರ್ಹೇನಿಯಸ್ ಹೇಳಿದ ಮಾತು: ನೀರಿನಲ್ಲಿ ಹೈಡ್ರೋಜನ್ ಅಯಾನು ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನು ಕೊಡುವುದು ಪ್ರತ್ಯಾಮ್ಲ. ಸುಣ್ಣಕ್ಕೆ, ಕಾಸ್ಟಿಕ್ ಸೋಡಾಕ್ಕೆ ಇದು ಸಾಕು. ಅಮೋನಿಯಾಕ್ಕೆ ಸಾಲದು. ಅಮೋನಿಯಾದ ಸೂತ್ರದಲ್ಲಿ ಹೈಡ್ರಾಕ್ಸೈಡ್ ಎಲ್ಲಿದೆ? ಇಲ್ಲವೇ ಇಲ್ಲ. ಆದರೂ ಅದು ಅಪ್ಪಟ ಪ್ರತ್ಯಾಮ್ಲ. ಅಮೋನಿಯಾ ಅನಿಲವೂ ಹೈಡ್ರೋಜನ್ ಕ್ಲೋರೈಡ್ ಅನಿಲವೂ ಗಾಳಿಯಲ್ಲಿ ಎದುರಾದರೆ ಬಿಳಿ ಹೊಗೆ ಏಳುತ್ತದೆ, ಲವಣವೇ ಹುಟ್ಟುತ್ತದೆ. ಆ ವರ್ತನೆಗೆ ನೀರಿನ ಹಂಗೇ ಬೇಕಿಲ್ಲ.

1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಒಂದೇ ಪರಿಹಾರಕ್ಕೆ ಬಂದರು. ಪ್ರೋಟಾನ್ ಕೊಡುವುದು ಆಮ್ಲ, ಪ್ರೋಟಾನ್ ಪಡೆಯುವುದು ಪ್ರತ್ಯಾಮ್ಲ. ಹೈಡ್ರೋಜನ್ ಪರಮಾಣುವಿನಿಂದ ಅದರ ಏಕೈಕ ಎಲೆಕ್ಟ್ರಾನನ್ನು ತೆಗೆದರೆ ಉಳಿಯುವುದು ಬರಿಯ ಪ್ರೋಟಾನ್. ಆದ್ದರಿಂದಲೇ ಎಚ್⁺ ಎಂಬುದನ್ನು ಪ್ರೋಟಾನ್ ಎನ್ನುತ್ತೇವೆ. ಈ ಹೊಸ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಆಮ್ಲ ಎನ್ನುವುದು ಇಲ್ಲಿ ವಸ್ತುವಿನ ಜಾತಿಯಲ್ಲ, ಆ ಹೊತ್ತಿಗೆ ಅದು ಮಾಡಿದ ಕೆಲಸದ ಹೆಸರು.

ಹೆಜ್ಜೆ 2: ಮುಯ್ಯಿಯ ಲೆಕ್ಕ ಅರ್ಥ ಮಾಡಿಕೊಳ್ಳಿ

ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಬರೆಸುವುದನ್ನು ನೀವು ನೋಡಿರುತ್ತೀರಿ. ಚಪ್ಪರದ ಬಾಯಲ್ಲಿ ಮೇಜು ಹಾಕಿಕೊಂಡು ಒಬ್ಬರು ಕೂತಿರುತ್ತಾರೆ. ನೀವು ಹಣ ಕೊಡುತ್ತೀರಿ, ಅವರು ಹೆಸರು ಬರೆದುಕೊಳ್ಳುತ್ತಾರೆ. ಅಲ್ಲಿಗೆ ನೀವು ಕೊಟ್ಟವರು, ಮದುವೆ ಮನೆಯವರು ಪಡೆದವರು. ಆದರೆ ಪುಸ್ತಕ ಮುಚ್ಚಿದ ಮರುಗಳಿಗೆಯಿಂದ ಪಾತ್ರಗಳು ತಿರುಗುತ್ತವೆ. ಪಡೆದವರ ಬಳಿ ಈಗ ಹಿಂದಿರುಗಿಸಬೇಕಾದ ಒಂದು ಮುಯ್ಯಿ ಇದೆ. ನಿಮ್ಮ ಬಳಿ ಅದನ್ನು ಪಡೆಯುವ ಜಾಗ ಖಾಲಿಯಿದೆ.

ಪ್ರೋಟಾನಿನ ವ್ಯವಹಾರವೂ ಇದೇ. ಆಮ್ಲ ತನ್ನ ಪ್ರೋಟಾನನ್ನು ಕೊಟ್ಟ ಮೇಲೆ ಉಳಿಯುವುದು ಮತ್ತೆ ಒಂದು ಪ್ರೋಟಾನನ್ನು ಪಡೆಯಬಲ್ಲದು. ಹಾಗಾಗಿ ಅದು ಪ್ರತ್ಯಾಮ್ಲ. ಆ ಆಮ್ಲದ ಸಂಯುಗ್ಮ ಪ್ರತ್ಯಾಮ್ಲ. ಪ್ರತ್ಯಾಮ್ಲ ಪ್ರೋಟಾನನ್ನು ಪಡೆದ ಮೇಲೆ ಆಗುವುದು ಅದನ್ನು ಮರಳಿ ಕೊಡಬಲ್ಲದು. ಹಾಗಾಗಿ ಅದು ಆಮ್ಲ. ಆ ಪ್ರತ್ಯಾಮ್ಲದ ಸಂಯುಗ್ಮ ಆಮ್ಲ. ಮುಯ್ಯಿಗೂ ಇದಕ್ಕೂ ಒಂದೇ ವ್ಯತ್ಯಾಸ: ಮುಯ್ಯಿಯನ್ನು ಹಿಂದಿರುಗಿಸುವಾಗ ಮರ್ಯಾದೆಗೆಂದು ಮೇಲೊಂದಿಷ್ಟು ಸೇರಿಸುವುದುಂಟು. ಪ್ರೋಟಾನಿನಲ್ಲಿ ಒಂದಕ್ಕೆ ಒಂದೇ, ಮೇಲೊಂದು ಚೂರೂ ಇಲ್ಲ.

‘ಕಾಂಜುಗೇಟ್’ ಎಂಬ ಪದದ ಲ್ಯಾಟಿನ್ ಮೂಲದ ಅರ್ಥ ‘ಒಂದೇ ನೊಗಕ್ಕೆ ಕಟ್ಟಿದ’ ಎಂದು. ನಮ್ಮ ‘ಸಂಯುಗ್ಮ’ದಲ್ಲಿರುವ ಯುಗ್ಮಕ್ಕೂ ಜೋಡಿ ಎಂದೇ ಅರ್ಥ. ಜೋಡೆತ್ತು ಎನ್ನಿ. (ಮಂಡ್ಯದಲ್ಲಿ ಈ ಮಾತು ಆಡಿದರೆ ಚುನಾವಣೆ ನೆನಪಾಗುವವರಿದ್ದಾರೆ, ನಾನು ಹೇಳುತ್ತಿರುವುದು ಹೊಲದ ಎತ್ತುಗಳನ್ನು.) ಒಂದೇ ನೊಗದ ಈ ಎರಡರ ನಡುವೆ ಇರುವ ವ್ಯತ್ಯಾಸ ಒಂದೇ ಒಂದು ಪ್ರೋಟಾನ್. ಎರಡಲ್ಲ, ಮೂರಲ್ಲ.

ಹೆಜ್ಜೆ 3: ಒಂದು ಎಚ್, ಒಂದು ಆವೇಶ

ಇದೇ ಆ ಏಕೈಕ ಕ್ರಿಯೆ. ಸಂಯುಗ್ಮ ಪ್ರತ್ಯಾಮ್ಲ ಬೇಕಾದರೆ ಸೂತ್ರದಿಂದ ಒಂದು ಎಚ್ ತೆಗೆಯಿರಿ, ಆವೇಶದಿಂದ ಒಂದನ್ನು ಕಳೆಯಿರಿ. ಸಂಯುಗ್ಮ ಆಮ್ಲ ಬೇಕಾದರೆ ಒಂದು ಎಚ್ ಸೇರಿಸಿ, ಆವೇಶಕ್ಕೆ ಒಂದನ್ನು ಕೂಡಿಸಿ. (ಆವೇಶ ಎಂದರೆ ಇಲ್ಲಿ ವಿದ್ಯುದಾವೇಶ, ಉತ್ತರ ತಪ್ಪಾದಾಗ ಮೇಷ್ಟರಿಗೆ ಬರುವುದು ಬೇರೆ.) ಆವೇಶ ಯಾಕೆ ಬದಲಾಗಬೇಕು? ಹೊರಟುಹೋಗುವುದು ಎಚ್ ಅಲ್ಲ, ಎಚ್⁺. ಧನ ಆವೇಶವೊಂದು ಮನೆ ಬಿಟ್ಟರೆ ಉಳಿದ ಮನೆ ಒಂದು ಹಂತ ಋಣದ ಕಡೆಗೆ ಸರಿಯಲೇಬೇಕು.

ಈಗ ಎಂಟೂ ಮಕ್ಕಳು ಎಡವಿದ ಪ್ರಶ್ನೆಗೆ ಬನ್ನಿ. ಎಚ್‌ಪಿಒ₄²⁻ ಎಂಬುದಕ್ಕೆ ಒಂದು ಎಚ್ ಸೇರಿಸಿದರೆ ಎಚ್₂ಪಿಒ₄. ಆವೇಶ ಋಣ ಎರಡಕ್ಕೆ ಒಂದನ್ನು ಕೂಡಿಸಿದರೆ ಋಣ ಒಂದು. ಉತ್ತರ ಎಚ್₂ಪಿಒ₄⁻, ಅಂದರೆ ಡೈಹೈಡ್ರೋಜನ್ ಫಾಸ್ಫೇಟ್ ಅಯಾನು. ಐವರು ಫಾಸ್ಫಾರಿಕ್ ಆಮ್ಲಕ್ಕೆ ಹೋದದ್ದು ಯಾಕೆ? ಪ್ರಶ್ನೆಯಲ್ಲಿ ‘ಆಮ್ಲ’ ಎಂಬ ಪದ ಕಂಡಿತು. ಫಾಸ್ಫೇಟಿಗೆ ಸಂಬಂಧಪಟ್ಟ, ಹೆಸರಿನಲ್ಲೇ ಆಮ್ಲ ಎಂದಿರುವ ವಸ್ತು ನೆನಪಿಗೆ ಬಂತು. ಅದು ಎಚ್₃ಪಿಒ₄. ಅಲ್ಲಿಗೆ ತಲುಪಲು ಎರಡು ಪ್ರೋಟಾನ್ ಬೇಕು, ಹಾಗಾಗಿ ಅದು ಈ ನೊಗದ ಎತ್ತಲ್ಲ. ಸಲ್ಫ್ಯೂರಿಕ್ ಆಮ್ಲದಲ್ಲೂ ಇದೇ ಎಡವಟ್ಟು. ಎಚ್₂ಎಸ್‌ಒ₄ನ ಸಂಯುಗ್ಮ ಪ್ರತ್ಯಾಮ್ಲ ಸಲ್ಫೇಟ್ ಅಲ್ಲ, ಬೈಸಲ್ಫೇಟ್, ಎಚ್‌ಎಸ್‌ಒ₄⁻. ಅದರ ಮುಂದಿನ ಜೋಡಿಯಲ್ಲಿ ಮಾತ್ರ ಸಲ್ಫೇಟ್ ಬರುತ್ತದೆ.

ಯಾವ ಎಚ್ ಅನ್ನು ತೆಗೆಯಬೇಕು ಎಂಬುದೂ ಕೆಲವೊಮ್ಮೆ ಪ್ರಶ್ನೆಯಾಗುತ್ತದೆ. ವಿನೆಗರ್‌ನ ಅಸಿಟಿಕ್ ಆಮ್ಲ ಸಿಎಚ್₃ಸಿಒಒಎಚ್. ನಾಲ್ಕು ಎಚ್ ಇವೆ, ಹೊರಡುವುದು ಕೊನೆಯದೊಂದೇ, ಆಕ್ಸಿಜನ್ನಿಗೆ ಅಂಟಿಕೊಂಡಿರುವುದು. ಇಂಗಾಲಕ್ಕೆ ಅಂಟಿದ ಮೂರು ಅಲುಗಾಡುವುದಿಲ್ಲ. ಸದ್ಯಕ್ಕೆ ಇಷ್ಟು ನೆನಪಿದ್ದರೆ ಸಾಕು.

ಹೆಜ್ಜೆ 4: ಸಮೀಕರಣದಲ್ಲಿ ಎರಡು ಜೋಡಿ ಹುಡುಕಿ

ಪ್ರೋಟಾನ್ ಒಂಟಿಯಾಗಿ ಅಲೆಯುವುದಿಲ್ಲ. ಕೊಡುವವರಿದ್ದರೆ ಪಡೆಯುವವರು ಇರಲೇಬೇಕು, ಆದ್ದರಿಂದ ಪ್ರತಿ ಸಮೀಕರಣದಲ್ಲೂ ಎರಡು ಜೋಡಿಗಳಿರುತ್ತವೆ.

ಎನ್‌ಎಚ್₃ + ಎಚ್₂ಒ ⇌ ಎನ್‌ಎಚ್₄⁺ + ಒಎಚ್⁻

ಒಂದೇ ಬುಡದ ಸೂತ್ರಗಳನ್ನು ಎಡದಿಂದ ಬಲಕ್ಕೆ ಗೆರೆ ಎಳೆದು ಜೋಡಿಸಿ. ನೈಟ್ರೋಜನ್ ಇರುವುದು ನೈಟ್ರೋಜನ್ ಇರುವುದಕ್ಕೆ: ಅಮೋನಿಯಾ ಒಂದು ಎಚ್ ಪಡೆದು ಅಮೋನಿಯಂ ಆಯಿತು. ಅಮೋನಿಯಾ ಪ್ರತ್ಯಾಮ್ಲ, ಅಮೋನಿಯಂ ಅದರ ಸಂಯುಗ್ಮ ಆಮ್ಲ. ಉಳಿದ ಜೋಡಿಯಲ್ಲಿ ನೀರು ಒಂದು ಎಚ್ ಕಳೆದುಕೊಂಡು ಹೈಡ್ರಾಕ್ಸೈಡ್ ಆಯಿತು. ನೀರು ಆಮ್ಲ, ಹೈಡ್ರಾಕ್ಸೈಡ್ ಅದರ ಸಂಯುಗ್ಮ ಪ್ರತ್ಯಾಮ್ಲ.

ಈಗ ಇನ್ನೊಂದು:

ಸಿಎಚ್₃ಸಿಒಒಎಚ್ + ಎಚ್₂ಒ ⇌ ಸಿಎಚ್₃ಸಿಒಒ⁻ + ಎಚ್₃ಒ⁺

ಅದೇ ನೀರು ಇಲ್ಲಿ ಪಡೆಯುವ ಕಡೆ ನಿಂತಿದೆ, ಹಾಗಾಗಿ ಪ್ರತ್ಯಾಮ್ಲ. ಅದರ ಸಂಯುಗ್ಮ ಆಮ್ಲ ಹೈಡ್ರೋನಿಯಂ, ಎಚ್₃ಒ⁺. ಅಮೋನಿಯಾದ ಮುಂದೆ ಕೊಡುಗೈ, ಅಸಿಟಿಕ್ ಆಮ್ಲದ ಮುಂದೆ ಬೇಡುವ ಕೈ. ನೀರು ಆಮ್ಲವೋ ಪ್ರತ್ಯಾಮ್ಲವೋ ಎಂದು ಯಾರಾದರೂ ಕೇಳಿದರೆ, ಯಾರ ಜೊತೆ ಎಂದು ಮರುಪ್ರಶ್ನೆ ಹಾಕುವುದೇ ಸರಿಯಾದ ಉತ್ತರ.

ಇಲ್ಲಿ ಬಹುಪಾಲು ಮಕ್ಕಳು ಮಾಡುವ ತಪ್ಪನ್ನು ಹೇಳಿಬಿಡುತ್ತೇನೆ. ಎಡಗಡೆಯ ಎರಡನ್ನೇ ಸಂಯುಗ್ಮ ಜೋಡಿ ಎಂದು ತಿಳಿಯುತ್ತಾರೆ, ಅಥವಾ ಹೈಡ್ರೋನಿಯಂ ಮತ್ತು ಹೈಡ್ರಾಕ್ಸೈಡನ್ನು ಜೋಡಿ ಮಾಡುತ್ತಾರೆ. ಆಮ್ಲ ಒಂದು, ಪ್ರತ್ಯಾಮ್ಲ ಒಂದು, ಎದುರುಬದುರು ನಿಂತಿವೆ, ಮದುವೆ ಮಾಡಿಬಿಡೋಣ ಎಂಬ ಆತುರ. ಎಚ್ ಎಣಿಸಿ ನೋಡಿ: ಹೈಡ್ರೋನಿಯಂನಲ್ಲಿ ಮೂರು, ಹೈಡ್ರಾಕ್ಸೈಡ್‌ನಲ್ಲಿ ಒಂದು. ವ್ಯತ್ಯಾಸ ಎರಡು, ಸಂಬಂಧ ಕೂಡಿಬರುವುದಿಲ್ಲ. ಜೋಡಿ ಯಾವಾಗಲೂ ಬಾಣದ ಆಚೆ ಈಚೆ ಇರುತ್ತದೆ.

ಹೆಜ್ಜೆ 5: ಜೋಡಿಯನ್ನು ಕಣ್ಣಾರೆ ನೋಡಿ

ಅಡುಗೆಮನೆಗೆ ಹೋಗಿ. ಅರ್ಧ ಲೋಟ ನೀರಿಗೆ ಕಾಲು ಚಮಚ ಅರಿಶಿನ ಕದಡಿ. ಎಲೆ ಅಡಿಕೆ ತಟ್ಟೆಯಲ್ಲಿರುವ ಸುಣ್ಣವನ್ನು ಕಡಲೆಕಾಳಿನಷ್ಟು ತೆಗೆದು ಅದಕ್ಕೆ ಹಾಕಿ ಕಡ್ಡಿಯಿಂದ ತಿರುಗಿಸಿ. (ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ, ಸುಣ್ಣ ಕಣ್ಣಿಗೆ ಬಲು ಕೆಟ್ಟದ್ದು, ಬೆರಳನ್ನೂ ತೊಳೆದುಕೊಳ್ಳಿ.) ಹಳದಿ ಹೋಗಿ ಕೆಂಪು ಬರುತ್ತದೆ. ಮದುಮಕ್ಕಳಿಗೆ, ಬಾಣಂತಿಗೆ, ದೂರದಿಂದ ಬಂದವರಿಗೆ ನಿವಾಳಿಸುವ ಆರತಿಯ ಕೆಂಪು ನೀರು ಇದೇ. ಈಗ ಅದಕ್ಕೆ ನಿಂಬೆರಸವನ್ನು ತೊಟ್ಟು ತೊಟ್ಟಾಗಿ ಹಿಂಡಿ. ಕೆಂಪು ಕರಗಿ ಹಳದಿ ಮರಳುತ್ತದೆ.

ಅರಿಶಿನದ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಅದು ಒಂದು ದುರ್ಬಲ ಆಮ್ಲ. ಸುಣ್ಣದ ಹೈಡ್ರಾಕ್ಸೈಡ್ ಅದರಿಂದ ಪ್ರೋಟಾನನ್ನು ಕಸಿದುಕೊಳ್ಳುತ್ತದೆ. ಉಳಿದ ಸಂಯುಗ್ಮ ಪ್ರತ್ಯಾಮ್ಲದ ಬಣ್ಣ ಕೆಂಪು. ನಿಂಬೆಯ ಸಿಟ್ರಿಕ್ ಆಮ್ಲ ಪ್ರೋಟಾನನ್ನು ವಾಪಸ್ ಕೊಡುತ್ತದೆ. ಹಳದಿಯ ಆಮ್ಲ ಮರುಹುಟ್ಟು ಪಡೆಯುತ್ತದೆ. ಸಂಯುಗ್ಮ ಜೋಡಿ ಎಂಬ ಮಾತನ್ನು ಕಣ್ಣಿಗೆ ಕಾಣುವಂತೆ ಮಾಡುವ ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ. ನಮ್ಮ ಅಜ್ಜಿ ಜೀವಮಾನವಿಡೀ ಪ್ರೋಟಾನ್ ವರ್ಗಾವಣೆ ಮಾಡಿದರು, ಹೆಸರು ಮಾತ್ರ ಗೊತ್ತಿರಲಿಲ್ಲ. ಒಂದು ಎಚ್ಚರಿಕೆ: ಕೆಂಪು ನೀರನ್ನು ಬಹಳ ಹೊತ್ತು ಇಟ್ಟರೆ ಸುಣ್ಣದ ನಡುವೆ ಕರ್ಕ್ಯುಮಿನ್ ಒಡೆದು ಬಣ್ಣ ಮಂಕಾಗುತ್ತದೆ. ಆಮೇಲೆ ನಿಂಬೆ ಹಿಂಡಿ ಮೊದಲಿನ ಹಳದಿ ಬರಲಿಲ್ಲ ಎಂದು ನನ್ನನ್ನು ಬೈಯಬೇಡಿ.

ಹೆಜ್ಜೆ 6: ಬಲಾಬಲ, ಮತ್ತು ಎಲ್ಲರೂ ತಪ್ಪಾಗಿ ಕಲಿತ ಒಂದು ಸಾಲು

‘ದುರ್ಬಲ ಆಮ್ಲದ ಸಂಯುಗ್ಮ ಪ್ರತ್ಯಾಮ್ಲ ಪ್ರಬಲ.’ ಈ ಸಾಲನ್ನು ನಾನೂ ವಿದ್ಯಾರ್ಥಿಯಾಗಿದ್ದಾಗ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಹೀಗೆ ಬರೆದರೆ ಅದು ತಪ್ಪು. ವಿಷಯ ಇರುವುದು ಹೋಲಿಕೆಯಲ್ಲಿ: ಆಮ್ಲ ದುರ್ಬಲವಾದಷ್ಟೂ ಅದರ ಸಂಯುಗ್ಮ ಪ್ರತ್ಯಾಮ್ಲದ ಬಲ ಹೆಚ್ಚುತ್ತಾ ಹೋಗುತ್ತದೆ. ಹೆಚ್ಚುತ್ತದೆ ಎಂದಮಾತ್ರಕ್ಕೆ ಪ್ರಬಲವಾಯಿತು ಎಂದಲ್ಲ. ಕುಳ್ಳರ ಮನೆಯಲ್ಲಿ ಅಣ್ಣನಿಗಿಂತ ತಮ್ಮ ಎತ್ತರ ಎಂದರೆ ತಮ್ಮ ಬಾಗಿಲಲ್ಲಿ ತಲೆ ಬಗ್ಗಿಸಬೇಕು ಎಂದೇನಿಲ್ಲ.

ಅಂಕಿಗಳಲ್ಲಿ ನೋಡೋಣ. ಆಮ್ಲದ ಬಲವನ್ನು ಕೆಎ ಎಂಬ ಸ್ಥಿರಾಂಕ ಅಳೆಯುತ್ತದೆ, ಪ್ರತ್ಯಾಮ್ಲದ ಬಲವನ್ನು ಕೆಬಿ. ಒಂದೇ ಜೋಡಿಯ ಇವೆರಡನ್ನು ಗುಣಿಸಿದರೆ ಯಾವಾಗಲೂ ನೀರಿನ ಅಯಾನಿಕ ಗುಣಲಬ್ಧ (ನೀರಿನಲ್ಲಿರುವ ಹೈಡ್ರೋನಿಯಂ, ಹೈಡ್ರಾಕ್ಸೈಡ್ ಸಾಂದ್ರತೆಗಳ ಗುಣಾಕಾರ) ಬರುತ್ತದೆ, 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.0 × 10⁻¹⁴. ಅಸಿಟಿಕ್ ಆಮ್ಲದ ಕೆಎ 1.8 × 10⁻⁵. ಭಾಗಿಸಿದರೆ ಅಸಿಟೇಟಿನ ಕೆಬಿ 5.6 × 10⁻¹⁰. ಆಮ್ಲವೂ ದುರ್ಬಲ, ಅದರ ಸಂಯುಗ್ಮ ಪ್ರತ್ಯಾಮ್ಲ ಇನ್ನೂ ದುರ್ಬಲ! ಇಬ್ಬರೂ ಕುಳ್ಳರೇ.

ಹಾಗಾದರೆ ಗುಂಪುಗಳನ್ನು ಹೀಗೆ ಇಟ್ಟುಕೊಳ್ಳಿ. ಹೈಡ್ರೋಕ್ಲೋರಿಕ್, ನೈಟ್ರಿಕ್‌ನಂಥ ಪ್ರಬಲ ಆಮ್ಲಗಳು ನೀರಿಗೆ ಬಿದ್ದೊಡನೆ ಪ್ರೋಟಾನನ್ನು ಪೂರ್ತಿ ಕೊಟ್ಟುಬಿಡುತ್ತವೆ. ಹೀಗೆ ಕೈಯೆತ್ತಿ ಕೊಟ್ಟವರು ಹಿಂದಕ್ಕೆ ಕೇಳುವುದಿಲ್ಲ. ಕ್ಲೋರೈಡ್, ನೈಟ್ರೇಟ್‌ಗಳಿಗೆ ನೀರಿನಲ್ಲಿ ಪ್ರತ್ಯಾಮ್ಲದ ಗುಣ ಇಲ್ಲವೆಂದೇ ಹೇಳಬೇಕು. ಅಡುಗೆಯ ಉಪ್ಪಿನ ದ್ರಾವಣ ತಟಸ್ಥವಾಗಿರುವುದು ಅದಕ್ಕೇ. ಅಸಿಟಿಕ್, ಕಾರ್ಬಾನಿಕ್‌ನಂಥ ದುರ್ಬಲ ಆಮ್ಲಗಳ ಸಂಯುಗ್ಮಗಳು ದುರ್ಬಲ ಪ್ರತ್ಯಾಮ್ಲಗಳು. ಸೋಡಿಯಂ ಅಸಿಟೇಟಿನ ದ್ರಾವಣ ತುಸು ಪ್ರತ್ಯಾಮ್ಲೀಯವಾಗುವುದು ಇದರಿಂದ. ಇನ್ನು ನೀರಿನಲ್ಲಿ ಆಮ್ಲವೆಂದೇ ಕರೆಸಿಕೊಳ್ಳದಷ್ಟು ಜಿಪುಣರು ಇದ್ದಾರೆ, ಉದಾಹರಣೆಗೆ ಅಮೋನಿಯಾ. ಅದರ ಕೈಯಿಂದ ಹೇಗೋ ಪ್ರೋಟಾನ್ ಬಿಡಿಸಿದರೆ ಉಳಿಯುವ ಅಮೈಡ್ ಅಯಾನು, ಎನ್‌ಎಚ್₂⁻, ನೀರು ಕಂಡರೆ ಎಗರಿ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ನಿಜವಾದ ಪ್ರಬಲ ಪ್ರತ್ಯಾಮ್ಲ ಅದು.

ಒಂದು ಕಾಕತಾಳೀಯದ ಬಗ್ಗೆ ಎಚ್ಚರಿಸಬೇಕು. ಅಮೋನಿಯಾದ ಕೆಬಿ ಕೂಡ 1.8 × 10⁻⁵. ಅಸಿಟಿಕ್ ಆಮ್ಲದ ಕೆಎ ಕೂಡ ಅದೇ. ಇದಕ್ಕೆ ಯಾವ ಗೂಢಾರ್ಥವೂ ಇಲ್ಲ. ಪ್ರತಿ ವರ್ಷ ಒಬ್ಬರಾದರೂ ಅಮೋನಿಯಾ ಮತ್ತು ಅಸಿಟಿಕ್ ಆಮ್ಲ ಸಂಯುಗ್ಮ ಜೋಡಿ ಎಂದು ಇದರಿಂದ ತೀರ್ಮಾನಿಸುತ್ತಾರೆ.

ಹೆಜ್ಜೆ 7: ಬಾಣ ಯಾವ ಕಡೆ ವಾಲುತ್ತದೆ

ಕೆಎಯ ಋಣ ಲಾಗರಿತಮ್ ತೆಗೆದರೆ ಪಿಕೆಎ. ಪಿಕೆಎ ಕಡಿಮೆಯಾದಷ್ಟೂ ಆಮ್ಲ ಬಲವಾದದ್ದು. ಸಮೀಕರಣದ ಎರಡೂ ಬದಿಯ ಆಮ್ಲಗಳ ಪಿಕೆಎ ನೋಡಿ. ಪ್ರೋಟಾನ್ ಬಲವಾದ ಆಮ್ಲದ ಬದಿಯಿಂದ ದುರ್ಬಲ ಆಮ್ಲದ ಬದಿಗೆ ಹರಿಯುತ್ತದೆ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಇಳಿಜಾರು ಹಿಡಿದು ಬರುವ ಹಾಗೆ, ಇದಕ್ಕೂ ಪಂಪು ಬೇಕಿಲ್ಲ.

ಅಡುಗೆ ಸೋಡಾಕ್ಕೆ ವಿನೆಗರ್ ಹಾಕಿದಿರಿ ಎನ್ನಿ. ಎಡಗಡೆಯ ಆಮ್ಲ ಅಸಿಟಿಕ್, ಪಿಕೆಎ 4.76. ಬೈಕಾರ್ಬೋನೇಟ್ ಪ್ರೋಟಾನ್ ಪಡೆದು ಬಲಗಡೆಯಲ್ಲಿ ಕಾರ್ಬಾನಿಕ್ ಆಮ್ಲವಾಗುತ್ತದೆ, ಪಿಕೆಎ 6.35 (ಕರಗಿದ ಕಾರ್ಬನ್ ಡೈಆಕ್ಸೈಡನ್ನೂ ಸೇರಿಸಿ ಹೇಳುವ ಅಂಕಿ ಇದು). ವ್ಯತ್ಯಾಸ 1.59. ಹತ್ತರ ಘಾತ 1.59 ಎಂದರೆ ಸುಮಾರು 40. ಅದೇ ಈ ಕ್ರಿಯೆಯ ಸಮತೋಲನ ಸ್ಥಿರಾಂಕ. ಬಾಣ ಬಲಕ್ಕೆ ವಾಲಿದೆ. ಸಾಲದೆಂಬಂತೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹಾರಿಹೋಗುವುದರಿಂದ ಹಿಂದಕ್ಕೆ ಬರುವ ದಾರಿಯೂ ಸವೆಯುತ್ತದೆ. ಬೈಕಾರ್ಬೋನೇಟ್ ಕೂಡ ನೀರಿನ ಹಾಗೆ ಎರಡು ಮುಖದ್ದು: ಪಡೆದರೆ ಕಾರ್ಬಾನಿಕ್ ಆಮ್ಲ, ಕೊಟ್ಟರೆ ಕಾರ್ಬೋನೇಟ್. ಎರಡನೆಯ ಕೆಲಸದ ಪಿಕೆಎ 10.33, ಹಾಗಾಗಿ ಕೊಡುವ ಮನಸ್ಸು ಅದಕ್ಕೆ ಕಡಿಮೆ.

ಈ ನಡುವೆ ಆಲೆಮನೆಗೆ ಒಂದು ಸುತ್ತು

ಮಂಡ್ಯದಲ್ಲಿ ಕುಳಿತು ಫಾಸ್ಫೇಟಿನ ಬಗ್ಗೆ ಬರೆದು ಆಲೆಮನೆಯ ಸುದ್ದಿ ಎತ್ತದಿದ್ದರೆ ತಪ್ಪಾದೀತು. ಗಾಣದಿಂದ ಇಳಿದ ಕಬ್ಬಿನ ಹಾಲು ತುಸು ಆಮ್ಲೀಯ, ಪಿಎಚ್ 5ರಿಂದ 5.5ರ ಆಸುಪಾಸು (ಪಿಎಚ್ ಆಮ್ಲೀಯತೆಯ ಅಳತೆ, ಕಡಿಮೆಯಾದಷ್ಟೂ ಆಮ್ಲೀಯ). ಅದರಲ್ಲಿ ಸಕ್ಕರೆಯ ಜೊತೆ ಸಹಜವಾಗಿಯೇ ಫಾಸ್ಫೇಟ್ ಇರುತ್ತದೆ. ಕೊಪ್ಪರಿಗೆಗೆ ಸುಣ್ಣದ ತಿಳಿ ಹಾಕುತ್ತಾರೆ, ಮಡ್ಡಿ ಮೇಲೇಳುತ್ತದೆ, ಜಾಲರಿಯಿಂದ ಎತ್ತಿ ಚೆಲ್ಲುತ್ತಾರೆ. ಕೇಳಿದರೆ ‘ಸುಣ್ಣ ಕೊಳೆ ಕಡಿಯುತ್ತದೆ’ ಎನ್ನುತ್ತಾರೆ. ಹೇಗೆ ಕಡಿಯುತ್ತದೆ?

ಡೈಹೈಡ್ರೋಜನ್ ಫಾಸ್ಫೇಟ್ ಪ್ರೋಟಾನ್ ಬಿಟ್ಟುಕೊಡುವ ಪಿಕೆಎ 7.20. ಒಂದು ಜೋಡಿಯ ಪಿಕೆಎಗೆ ಸರಿಸಮನಾದ ಪಿಎಚ್‌ನಲ್ಲಿ ಆಮ್ಲವೂ ಅದರ ಸಂಯುಗ್ಮ ಪ್ರತ್ಯಾಮ್ಲವೂ ಸಮಸಮ ಇರುತ್ತವೆ. ಪಿಎಚ್ ಒಂದು ಅಂಕ ಇಳಿದರೆ ಆಮ್ಲಕ್ಕೆ ಹೋಲಿಸಿದ ಪ್ರತ್ಯಾಮ್ಲದ ಅನುಪಾತ ಹತ್ತರಲ್ಲೊಂದಕ್ಕೆ ಕುಸಿಯುತ್ತದೆ. ಪಿಎಚ್ 5.2ರ ಹಾಲಿನಲ್ಲಿ, ಹಾಗಾದರೆ, ನೂರು ಎಚ್₂ಪಿಒ₄⁻ ಅಯಾನುಗಳಿಗೆ ಒಂದೇ ಒಂದು ಎಚ್‌ಪಿಒ₄²⁻. ಸುಣ್ಣ ಬಿದ್ದು ಪಿಎಚ್ 7.2ರ ಹತ್ತಿರ ಬಂದಾಗ ಅರ್ಧಕ್ಕರ್ಧ. (ಅಂಕಿಗಳು 25 ಡಿಗ್ರಿಯವು, ಕೊಪ್ಪರಿಗೆ ಕುದಿಯುತ್ತಿರುತ್ತದೆ, ದಿಕ್ಕು ತಿಳಿಯಲು ಇಷ್ಟು ಸಾಕು.) ಹೀಗೆ ಪ್ರೋಟಾನ್ ಕಳೆದುಕೊಂಡ ಫಾಸ್ಫೇಟನ್ನು ಸುಣ್ಣದ ಕ್ಯಾಲ್ಸಿಯಂ ಹಿಡಿದುಕೊಂಡು ಕರಗದ ಕ್ಯಾಲ್ಸಿಯಂ ಫಾಸ್ಫೇಟಾಗಿ ಕೂರುತ್ತದೆ. ಅದು ಗಟ್ಟಿಯಾಗುವಾಗ ಹಾಲಿನ ಕೊಳೆಯನ್ನೂ ತಬ್ಬಿಕೊಂಡೇ ಬರುತ್ತದೆ. ಸುಣ್ಣ ಒಂದೇ ಕೈಯಲ್ಲಿ ಎರಡು ಕೆಲಸ ಮಾಡಿತು: ಅದರ ಹೈಡ್ರಾಕ್ಸೈಡ್ ಪ್ರೋಟಾನ್ ತೆಗೆದುಕೊಂಡಿತು, ಅದರ ಕ್ಯಾಲ್ಸಿಯಂ ಉಳಿದದ್ದನ್ನು ಗಟ್ಟಿ ಮಾಡಿತು. ಸುಣ್ಣ ಅತಿಯಾದರೆ ಬೆಲ್ಲ ಕಪ್ಪಾಗುತ್ತದೆ. ಪಾಕ ನೋಡುವ ಅನುಭವಿಗಳು ಪಿಎಚ್ ಕಾಗದವಿಲ್ಲದೆ ಆ ಗೆರೆಯನ್ನು ಕಣ್ಣಳತೆಯಲ್ಲೇ ಹಿಡಿಯುವುದನ್ನು ನೋಡಿದರೆ ನನಗೆ ಈಗಲೂ ಬೆರಗು.

ಹತ್ತರ ಈ ಲೆಕ್ಕ ಎಲ್ಲ ಕಡೆಯೂ ನಡೆಯುತ್ತದೆ. ಮೊಸರನ್ನು ತೆಗೆದುಕೊಳ್ಳಿ. ಹಾಲಿನ ಕೇಸೀನ್ ಹೆಪ್ಪುಗಟ್ಟುವ ಪಿಎಚ್ ಸುಮಾರು 4.6. ಲ್ಯಾಕ್ಟಿಕ್ ಆಮ್ಲದ ಪಿಕೆಎ 3.86. ಪಿಎಚ್ ಮೇಲಿದೆ, ಹಾಗಾದರೆ ಸಂಯುಗ್ಮ ಪ್ರತ್ಯಾಮ್ಲದ ಕೈ ಮೇಲು: ಒಂದು ಲ್ಯಾಕ್ಟಿಕ್ ಆಮ್ಲಕ್ಕೆ ಸುಮಾರು ಐದೂವರೆ ಲ್ಯಾಕ್ಟೇಟ್. ಹುಳಿ ಮೊಸರಿನಲ್ಲಿ ‘ಆಮ್ಲ’ ಎಂದು ನಾವು ಕರೆಯುವುದರ ಬಹುಪಾಲು ಆಗಲೇ ಪ್ರೋಟಾನ್ ಕೊಟ್ಟು ಕುಳಿತಿರುತ್ತದೆ.

ಹೆಜ್ಜೆ 8: ಈಗ ನೀವೇ ಮಾಡಿ

ಕೆಳಗಿನವುಗಳನ್ನು ಉತ್ತರ ನೋಡದೆ ಬರೆಯಿರಿ. ಪ್ರತಿಯೊಂದಕ್ಕೂ ಮೊದಲು ಎಚ್ ಎಣಿಸಿ, ಆಮೇಲೆ ಆವೇಶ ಎಣಿಸಿ. ಎರಡೂ ಒಂದೊಂದೇ ಬದಲಾಗಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಮೊದಲನೆಯದು, ಎಚ್‌ಎಸ್⁻. ಇದರ ಸಂಯುಗ್ಮ ಆಮ್ಲವನ್ನೂ ಸಂಯುಗ್ಮ ಪ್ರತ್ಯಾಮ್ಲವನ್ನೂ ಬರೆಯಿರಿ.

ಎರಡನೆಯದು, ಮೀಥೈಲ್ ಅಮೀನ್, ಸಿಎಚ್₃ಎನ್‌ಎಚ್₂. ಇದರ ಸಂಯುಗ್ಮ ಆಮ್ಲ?

ಮೂರನೆಯದು ಸ್ವಲ್ಪ ತುಂಟ ಪ್ರಶ್ನೆ. ಮಳೆಗಾಲದ ಕೆಂಪು ನೀರನ್ನು ತಿಳಿ ಮಾಡಲು ಪಟಿಕ ಆಡಿಸುತ್ತಾರಲ್ಲ, ಅದರ ಅಲ್ಯೂಮಿನಿಯಂ ಅಯಾನು ನೀರಿನಲ್ಲಿ ಒಂಟಿಯಾಗಿರುವುದಿಲ್ಲ. ಆರು ನೀರಿನ ಅಣುಗಳನ್ನು ಸುತ್ತ ಕಟ್ಟಿಕೊಂಡಿರುತ್ತದೆ, ಒಟ್ಟು ಆವೇಶ ಧನ ಮೂರು. ಅದು ಆಮ್ಲವಾಗಿ ವರ್ತಿಸಿದರೆ ಸಂಯುಗ್ಮ ಪ್ರತ್ಯಾಮ್ಲದ ಆವೇಶ ಎಷ್ಟು?

ನಾಲ್ಕನೆಯದು ಗದ್ದೆಯಿಂದ. ಯೂರಿಯಾ ಮಣ್ಣಿನಲ್ಲಿ ಒಡೆದು ಅಮೋನಿಯಂ ಆಗುತ್ತದೆ. ಅಮೋನಿಯಂನ ಪಿಕೆಎ 9.25. ನಿಂತ ನೀರಿನ ಪಿಎಚ್ 7.25 ಇದ್ದಾಗಲೂ, ಬಿಸಿಲಿನ ಮಧ್ಯಾಹ್ನ ಪಾಚಿ ಕಾರ್ಬನ್ ಡೈಆಕ್ಸೈಡನ್ನು ಹೀರಿ ಪಿಎಚ್ 8.25ಕ್ಕೆ ಏರಿದಾಗಲೂ, ಅಮೋನಿಯಾದ ಪಾಲು ಎಷ್ಟೆಷ್ಟು?

ಉತ್ತರಗಳು. ಎಚ್‌ಎಸ್⁻ ಪಡೆದರೆ ಎಚ್₂ಎಸ್, ಕೊಟ್ಟರೆ ಎಸ್²⁻. ಮೀಥೈಲ್ ಅಮೀನಿನ ಸಂಯುಗ್ಮ ಆಮ್ಲ ಸಿಎಚ್₃ಎನ್‌ಎಚ್₃⁺. ಹೊಸ ಎಚ್ ಕೂರುವುದು ನೈಟ್ರೋಜನ್ನಿನ ಮೇಲೆ, ಯಾಕೆಂದರೆ ಯಾವ ಬಂಧಕ್ಕೂ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿ ಇರುವುದು ಅಲ್ಲೇ. ಪಟಿಕದ ಪ್ರಶ್ನೆಯಲ್ಲಿ ಆರು ನೀರಿನಲ್ಲಿ ಒಂದು ಪ್ರೋಟಾನ್ ಕೊಟ್ಟು ಹೈಡ್ರಾಕ್ಸೈಡ್ ಆಗುತ್ತದೆ, ಐದು ಹಾಗೆಯೇ ಉಳಿಯುತ್ತವೆ, ಒಟ್ಟು ಆವೇಶ ಧನ ಎರಡು. ಧನ ಆವೇಶದ್ದು ಪ್ರತ್ಯಾಮ್ಲವಾಗಬಹುದೇ ಎಂದು ಹಿಂಜರಿದಿದ್ದರೆ ಒಂದನೆಯ ಹೆಜ್ಜೆಗೆ ಮರಳಿ. ಆವೇಶದ ಚಿಹ್ನೆ ಪಾತ್ರವನ್ನು ನಿರ್ಧರಿಸುವುದಿಲ್ಲ.

ಗದ್ದೆಯ ಲೆಕ್ಕ: ಪಿಎಚ್ 7.25ರಲ್ಲಿ ನೂರು ಅಮೋನಿಯಂಗೆ ಒಂದು ಅಮೋನಿಯಾ. 8.25ರಲ್ಲಿ ಹತ್ತಕ್ಕೆ ಒಂದು. ಬೆಳಗಿನಿಂದ ಮಧ್ಯಾಹ್ನಕ್ಕೆ ಅಮೋನಿಯಾದ ಪಾಲು ಸುಮಾರು ಒಂಬತ್ತು ಪಟ್ಟು ಏರಿತು. ಅಮೋನಿಯಂ ನೀರಿನಲ್ಲಿ ಉಳಿಯುವ ಅಯಾನು. ಅದರ ಸಂಯುಗ್ಮ ಪ್ರತ್ಯಾಮ್ಲ ಗಾಳಿಗೆ ಹಾರುವ ಅನಿಲ. ಯೂರಿಯಾವನ್ನು ನಿಂತ ನೀರಿನ ಮೇಲೆ ಚೆಲ್ಲದೆ, ನೀರು ಬಸಿದು ಕೆಸರಿಗೆ ಸೇರಿಸಿ ಎಂದು ಕೃಷಿ ಬಲ್ಲವರು ಹೇಳುವುದು ಇದಕ್ಕೇ. ಈ ಉತ್ತರವನ್ನು ವಿವರಿಸಿದ ಸಂಜೆ, ತನ್ನ ಸರಿಯುತ್ತರವನ್ನು ಹೊಡೆದುಹಾಕಿದ್ದಳಲ್ಲ, ಆ ಹುಡುಗಿ ಪುಸ್ತಕ ಮಡಚುತ್ತಾ, ಅಪ್ಪ ನಾಳೆ ಹನ್ನೆರಡು ಗಂಟೆಗೆ ಗೊಬ್ಬರ ಹಾಕುತ್ತೇನೆ ಎಂದಿದ್ದಾರೆ, ಹೋಗಿ ತಡೆಯುತ್ತೇನೆ ಎಂದಳು.